ಪಿನಾಂಗಿನಲ್ಲಿ ಸಿಕ್ಕ ಅಂಟಿಸಿದ ಪುಟ

ಮಲೇಷ್ಯಾಕ್ಕೆ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಜೋಡಿ ಗೋಪುರ ನೋಡಿದೆಯಾ ಅಂತ ಕೇಳುತ್ತಾರೆ. ನೋಡಿದೆ. ಎತ್ತರವಾಗಿದೆ. ಕತ್ತು ನೋವು ಬಂತು. ಅದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇಲ್ಲ. ಆ ದೇಶದಲ್ಲಿ ನಾನು ಕಣ್ಣರಳಿಸಿ ನೋಡಿದ್ದು ತುಕ್ಕು ಹಿಡಿದ ಒಂದು ಬಿಸ್ಕತ್ತಿನ ಡಬ್ಬವನ್ನು. ಅದರ ಕತೆ ಹೇಳುತ್ತೇನೆ. ಹೇಳುವಾಗ ದನಿ ಏರಿದರೆ ಓದುವವರು ಕ್ಷಮಿಸಬೇಕು. ಬಂದು ಮೂರು ತಿಂಗಳಾಯಿತು, ಕೋಪ ಮಾತ್ರ ಇನ್ನೂ ಇಳಿದಿಲ್ಲ.

ರಾಯಕೋಟೆ ರಸ್ತೆ, ಹೊರಡುವ ಮೊದಲು

ನಮ್ಮ ಮನೆ ಹೊಸೂರಿನ ಮೂಕಂಡಪಲ್ಲಿಯಲ್ಲಿ. ಯಜಮಾನರಿಗೆ ಕಾರ್ಖಾನೆಯಲ್ಲಿ ಶಿಫ್ಟು, ನನಗೆ ಮನೆಯಲ್ಲಿ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮಗಳು ನಂದಿನಿಗೆ ಹನ್ನೆರಡು. ಹೋದ ವರ್ಷ ಅವಳಿಗೆ ಟೈಫಾಯಿಡ್ ಬಂದು ಮೈ ಕೆಂಡವಾಗಿದ್ದಾಗ ಮುರುಗನಿಗೆ ಹರಕೆ ಹೊತ್ತಿದ್ದೆ. ಮಗು ಎದ್ದು ಕೂತರೆ ಸಾಕಪ್ಪ, ನಿನ್ನ ಯಾವ ಬೆಟ್ಟ ಮೊದಲು ಸಿಗುತ್ತೋ ಅದನ್ನು ಅವಳ ಕೈ ಹಿಡಿದು ಹತ್ತುತ್ತೇನೆ ಅಂತ. ಮನಸ್ಸಿನಲ್ಲಿ ಇದ್ದದ್ದು ಪಳನಿ. ಅಷ್ಟರಲ್ಲಿ ನಮ್ಮ ಬೀದಿಯ ಭಜನೆ ಸಂಘದವರು ಮಲೇಷ್ಯಾದ ಮುರುಗನನ್ನು ನೋಡಲು ಹೊರಟರು. ಯಜಮಾನರು ಒಂದೇ ಮಾತಿಗೆ ಹೂಂ ಅಂದರು. ಪಳನಿಯ ಬಸ್ಸು ಹತ್ತದವಳು ಪಿನಾಂಗಿನ ವಿಮಾನ ಹತ್ತಿದೆ. ಆ ದೇವರಿಗೂ ತಮಾಷೆ ಗೊತ್ತು.

ಹೊರಡುವ ಹಿಂದಿನ ವಾರ ನಂದಿನಿಯನ್ನು ಕರೆದುಕೊಂಡು ರಾಯಕೋಟೆ ರಸ್ತೆಯ ತಿರುವಿನಲ್ಲಿ ಹೋಗುತ್ತಿದ್ದೆ. ಅವಳು ಗಕ್ಕನೆ ನಿಂತಳು. ಎದುರಿಗೆ ಆಳೆತ್ತರದ ಫ್ಲೆಕ್ಸು. ಅದರಲ್ಲಿ ಅವಳ ತರಗತಿಯ ಹುಡುಗಿ, ರೇಷ್ಮೆ ಸೀರೆ, ತಲೆಗೆ ಕಿರೀಟ. ಸುತ್ತ ಕಪ್ಪು ಕನ್ನಡಕದ ಮಾವಂದಿರು. ತಮಿಳಿನಲ್ಲಿ ದೊಡ್ಡಕ್ಷರ: ಮಂಜಳ್ ನೀರಾಟ್ಟು ವಿಳಾ. ನಾವು ಕನ್ನಡದವರು ಒಸಗೆ ಅನ್ನುತ್ತೇವೆ. ಹುಡುಗಿ ಮೈನೆರೆದಾಗ ಅರಿಶಿನದ ನೀರೆರೆದು, ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಕಟ್ಟಿ, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ತಿನ್ನಿಸುವ ಶಾಸ್ತ್ರ. ನನ್ನ ಕಾಲದಲ್ಲಿ ಅದು ಹಿತ್ತಲಲ್ಲಿ ಆಗುತ್ತಿತ್ತು. ಈಗ ಬಸ್ ಸ್ಟ್ಯಾಂಡಿಗೆ ಬಂದಿದೆ.

"ಅವ್ಳು ಒಂದು ವಾರದಿಂದ ಸ್ಕೂಲಿಗೇ ಬಂದಿಲ್ಲಮ್ಮಾ," ಅಂದಳು ನಂದಿನಿ. "ಹುಡುಗ್ರು ಅವಳ ಡೆಸ್ಕಿಗೆ ಅರಿಶಿನ ಬಳಿದಿದ್ರು. ನಂಗೆ ಹಿಂಗೆ ಹಾಕಲ್ಲ ತಾನೆ?"

"ನಿಂಗ್ಯಾಕೆ ಹಾಕ್ತಾರೆ, ಬಾ."

"ಮುನಿರಾಜು ಮಾವ ಹಾಕೇ ಹಾಕ್ತಾನೆ. ಹಾಕ್ಸಲ್ಲ ಅಂತ ಆಣೆ ಮಾಡು."

ನಾನು ಆಣೆ ಮಾಡಲಿಲ್ಲ. ಮುನಿರಾಜು ನನ್ನ ಅಣ್ಣ, ರಾಯಕೋಟೆಯಲ್ಲಿ ಟೊಮೇಟೊ ಮಂಡಿ ಇಟ್ಟಿದ್ದಾನೆ. ಮನೆ ನಾಯಿ ಮರಿ ಹಾಕಿದರೂ ಫ್ಲೆಕ್ಸು ಕಟ್ಟಿಸುವ ಆಸಾಮಿ. "ಅದಕ್ಕಿನ್ನೂ ಕಾಲ ಇದೆ ಬಿಡೇ," ಅಂದೆ. ಏನಾಗುತ್ತದೆ, ಯಾಕಾಗುತ್ತದೆ ಅಂತ ಆಗಲಾದರೂ ಮಗಳನ್ನು ಕೂರಿಸಿಕೊಂಡು ಹೇಳಬಹುದಿತ್ತು. ಹೇಳಲಿಲ್ಲ. ನನಗೆ ನನ್ನಮ್ಮ ಬಿಡಿಸಿ ಹೇಳಿರಲಿಲ್ಲ. ಹೈಸ್ಕೂಲಿನ ಮೇಡಂ ಆ ಪಾಠ ಬಂದಾಗ "ಇದನ್ನ ಮನೇಲಿ ಓದ್ಕೊಳ್ಳಿ" ಅಂದು ಮುಂದಿನ ಪಾಠಕ್ಕೆ ಹಾರಿದ್ದರು. ಹಾರುವುದನ್ನು ನಾನೂ ಚೆನ್ನಾಗಿಯೇ ಕಲಿತಿದ್ದೆ.

ಪಿನಾಂಗ್, ಮೊದಲ ಬೆಳಿಗ್ಗೆ

ಪಿನಾಂಗಿನಲ್ಲಿ ನಮ್ಮ ಒಂಬತ್ತು ಜನಕ್ಕೆ ಗೊತ್ತು ಮಾಡಿದ್ದು ಒಂದು ಹಳೆಯ ಮಹಡಿ ಮನೆ. ಮೇಲಿನ ಕೋಣೆಗಳು ಯಾತ್ರಿಕರಿಗೆ. ಕೆಳಗೆ ಮನೆಯೊಡತಿ, ಅಲ್ಲೇ ಹುಟ್ಟಿ ಬೆಳೆದ ತಮಿಳಿನವರು, ನಿವೃತ್ತ ಶಿಕ್ಷಕಿ. ಎಲ್ಲರೂ ಟೀಚರಮ್ಮ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಬಾಗಿಲಲ್ಲಿ ಹಲಸಿನಂಥ ಒಂದು ಹಣ್ಣಿನ ಚಿತ್ರ ಬರೆದು ಅದರ ಮೇಲೆ ಕೆಂಪು ಗೀಟು ಎಳೆದಿತ್ತು. ದುರಿಯನ್ ಅಂತೆ. ನಮ್ಮಲ್ಲಿ ಚಪ್ಪಲಿಯನ್ನು ಹೊರಗೆ ಬಿಡಿ ಅನ್ನುತ್ತಾರೆ, ಅಲ್ಲಿ ಹಣ್ಣನ್ನು. ಆ ಊರಲ್ಲಿ ಕಾಫಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ದಾರ ಕಟ್ಟಿ ಕೊಡುತ್ತಾರೆ. ಜನ ಅದನ್ನು ಬೆರಳಿಗೆ ನೇತುಹಾಕಿಕೊಂಡು, ಮೀನು ಕೊಂಡವರ ಹಾಗೆ, ಆರಾಮಾಗಿ ನಡೆಯುತ್ತಾರೆ. ಮಾತಿನ ಕೊನೆಗೆ ಗಂಡಸು ಹೆಂಗಸು ಅನ್ನದೆ ಎಲ್ಲರಿಗೂ 'ಲಾ' ಸೇರಿಸುತ್ತಾರೆ. ನಮ್ಮ ಕಡೆ ದೊಡ್ಡವರಿಗೆ 'ಲಾ' ಅಂದು ನೋಡಿ, ಹಲ್ಲು ಉಳಿದರೆ ಪುಣ್ಯ.

ಬಂದಿಳಿದ ಮರುದಿನ ಬೆಳಿಗ್ಗೆ ನಂದಿನಿ ಬಚ್ಚಲಿಂದ ಬಂದು ಕೋಣೆಯ ಬಾಗಿಲಲ್ಲಿ ನಿಂತಳು. ಮುಖ ಬಿಳುಚಿತ್ತು.

"ಅಮ್ಮಾ, ನಂಗೇನೋ ಆಗಿದೆ. ಇದು ಅದೇನಾ?"

ಅದೇ. ಆಗ ನಾನು ಮಾಡಿದ ಮೊದಲ ಕೆಲಸ ಯಾವುದು ಗೊತ್ತೇ? ಗಡಿಯಾರ ನೋಡಿದೆ.

ನಮ್ಮವರಲ್ಲಿ ಹುಡುಗಿ ಮೈನೆರೆದ ಗಳಿಗೆಯನ್ನು ಗುರುತಿಟ್ಟುಕೊಳ್ಳಬೇಕು. ಶಾಸ್ತ್ರಿಗಳು ಪಂಚಾಂಗ ನೋಡಿ ಆಗ ಯಾವ ನಕ್ಷತ್ರ ಇತ್ತು ಅಂತ ಹೇಳುತ್ತಾರೆ. ಒಳ್ಳೆಯದಾದರೆ ಸಂಭ್ರಮ, ಕೆಟ್ಟದಾದರೆ ಶಾಂತಿ. ಮುಂದೆ ಗಂಡು ಹುಡುಕುವಾಗ ಆ ಚೀಟಿಯೂ ಜಾತಕದ ಜೊತೆ ಹೋಗುತ್ತದೆ. ಉಟ್ಟ ಬಟ್ಟೆಯ ಬಣ್ಣ, ಮೊದಲು ಕಂಡವರು ಯಾರು, ಅದೂ ಬೇಕು. ಗೋಡೆಯ ಗಡಿಯಾರದಲ್ಲಿ ಆರು ನಲವತ್ತು. ಬಟ್ಟೆ ಹಸಿರು. ಇಷ್ಟನ್ನೂ ಮನಸ್ಸಿನಲ್ಲಿ ಬರೆದುಕೊಂಡ ಮೇಲೆ ಮಗಳ ಕಡೆ ತಿರುಗಿದೆ. ಹೊಟ್ಟೆ ಹಿಡಿದುಕೊಂಡು ನಡುಗುತ್ತಿದ್ದಳು.

"ಇಷ್ಟೊಂದು ಬರುತ್ತಾ? ನಿಲ್ಲುತ್ತಾ?"

ಸದ್ಯ, ನನ್ನ ಚೀಲದಲ್ಲಿ ಪ್ಯಾಡಿನ ಪೊಟ್ಟಣ ಇತ್ತು. ದೇವರು ಅಷ್ಟಾದರೂ ಕೈಗೆ ಕೊಟ್ಟಿದ್ದ. ಬುದ್ಧಿ ಮಾತ್ರ ಕೊಟ್ಟಿರಲಿಲ್ಲ.

ಸಂಘದ ಮುಂದಾಳು ಕಮಲಕ್ಕನಿಗೆ ವಿಷಯ ಹೇಳಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಅಯ್ಯೋ ಶಿವನೆ, ಇವತ್ತೇ ಆಗ್ಬೇಕಿತ್ತಾ? ಗಾಡೀಲಿ ಪೂಜೆ ಸಾಮಾನೈತೆ ಕಣಮ್ಮಿ. ಇವತ್ತು ಇಬ್ರೂ ಇಲ್ಲೇ ಇದ್ಬುಡಿ. ನಾಳೆ ಬೆಟ್ಟದ ತಾವ ಬರಂಗಿದ್ರೆ ಹಿಂದ್ಗಡೆ ಸೀಟು, ಕೆಳಗೊಂದು ಪ್ಲಾಸ್ಟಿಕ್ಕು ಹಾಸ್ಕೊಳ್ಳಿ. ಲೋಟ ಬೇರೆ ಇಟ್ಕೊಳ್ಳಿ."

ಆ ದಿನಗಳಲ್ಲಿ ನಾನೂ ದೇವರ ಮನೆಗೆ ಹೋಗುವುದಿಲ್ಲ. ಅದು ನನಗೂ ನನ್ನ ದೇವರಿಗೂ ಇರುವ ಮಾತು, ಅದನ್ನು ಯಾರ ಮುಂದೂ ವಾದಕ್ಕೆ ಇಡುವುದಿಲ್ಲ. ಆದರೆ ಗಾಡಿಯ ಸೀಟಿಗೂ ದೇವರಿಗೂ ಏನು ನಂಟು? ಹನ್ನೆರಡು ವರ್ಷದ ಕೂಸು ನೀರು ಕುಡಿಯುವ ಲೋಟ ಮುರುಗನಿಗೆ ಏನು ಮಾಡಿತು? ಆ ಹೆಂಗಸೂ ಮೂವರನ್ನು ಹೆತ್ತವರೇ. ಇದನ್ನೆಲ್ಲ ಆಗಲೇ ಮುಖದ ಮೇಲೆ ಕೇಳಬೇಕಿತ್ತು. "ಆಯ್ತಕ್ಕ," ಅಂದೆ. ನಾಲಿಗೆಗೆ ಅದೊಂದೇ ರೂಢಿ.

ನನ್ನ ಫೋನಿಗೆ ಆ ದೇಶದಲ್ಲಿ ಜೀವ ಇರಲಿಲ್ಲ. ಟೀಚರಮ್ಮ ಮನೆಯ ವೈಫೈ ಹಾಕಿಕೊಡುವ ಹೊತ್ತಿಗೆ ಮಧ್ಯಾಹ್ನ. ಅತ್ತೆಗೆ ಫೋನು ಮಾಡಿದೆ.

"ಅತ್ತೆ, ನಂದಿನಿ ದೊಡ್ಡೋಳಾದ್ಲು."

"ನಮ್ಮಪ್ಪನೆ! ಯಾವೊತ್ನಾಗೆ?"

"ಬೆಳಿಗ್ಗೆ ಆರು ನಲವತ್ತಕ್ಕೆ."

"ಬಟ್ಟೆ ಯಾವ್ದು? ಯಾರು ಕಂಡಿದ್ದು? ಸರಿ, ಶಾಸ್ತ್ರಿಗಳ್ತಾವ ಕೇಳಿಸ್ತೀನಿ. ಮೊದ್ಲು ನಿಮ್ಮಣ್ಣಂಗೆ ಸುದ್ದಿ ಮುಟ್ಟಿಸ್ಬೇಕು, ಸೋದರಮಾವ ಅಲ್ವಾ." ಆಮೇಲೆ, "ಮಗ ಉಂಡ್ಲಾ?"

ಕಡೆಗಾದರೂ ಕೇಳಿದರು. ಅದೊಂದು ಪುಣ್ಯ.

ಟೀಚರಮ್ಮನ ಡಬ್ಬ

ಎಲ್ಲರೂ ಗಾಡಿ ಹತ್ತಿ ಹೋಗಿದ್ದರು. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತದ್ದನ್ನು ನೋಡಿ ಟೀಚರಮ್ಮ ಒಳಗೆ ಕರೆದರು. ನಂದಿನಿ ಹೊಸಿಲ ಹೊರಗೇ ನಿಂತಳು. ಒಂದು ಬೆಳಗಿನಲ್ಲಿ ಅಷ್ಟು ಕಲಿತಿದ್ದಳು.

"ಬಾ ಕಣ್ಣು," ಅಂದು ಅವರೇ ಕೈ ಹಿಡಿದು ಎಳೆದು ಅಡುಗೆಮನೆಯ ನಡುವೆ ಕುರ್ಚಿ ಹಾಕಿ ಕೂರಿಸಿದರು. ಅವರು ಆಡಿದ್ದು ತಮಿಳು, ಆ ಮುದ್ದಿನ 'ಕಣ್ಣು' ಒಂದನ್ನು ಬಿಟ್ಟು ಉಳಿದದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ. "ಹೊಟ್ಟೆ ನೋಯ್ತಿದೆಯಾ?" ಬೆಳಿಗ್ಗೆಯಿಂದ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯರು ಅವರು. ನಾನು ನೆಲ ನೋಡಿದೆ.

ಬಿಸಿನೀರಿನ ಬಾಟಲಿ ಅವಳ ಮಡಿಲಿಗಿಟ್ಟು, ಬೀರುವಿನ ಮೇಲಿಂದ ಬಿಸ್ಕತ್ತಿನ ಡಬ್ಬ ಇಳಿಸಿದರು. ಅದರ ತುಂಬ ಹಳದಿ ತಿರುಗಿದ ಕಿರುಪುಸ್ತಕಗಳು. ತಮಿಳು, ಇಂಗ್ಲಿಷ್, ಚೀನಿ, ಮಲಯ್. ಅವರು ರಬ್ಬರ್ ತೋಟದ ಶಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಲದವು. ಪ್ಯಾಡು ಮಾಡುವ ಯಾವುದೋ ಕಂಪನಿಯ ಹೆಂಗಸು ವರ್ಷಕ್ಕೊಮ್ಮೆ ವ್ಯಾನಿನಲ್ಲಿ ಬರುತ್ತಿದ್ದಳಂತೆ. ಹುಡುಗರನ್ನು ಮೈದಾನಕ್ಕೆ ಅಟ್ಟಿ, ಸಭಾಂಗಣದ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಹುಡುಗಿಯರಿಗೆ ಒಂದು ಸಿನಿಮಾ ತೋರಿಸಿ, ಕೈಗೊಂದು ಪುಸ್ತಕ ಕೊಟ್ಟು ಹೋಗುತ್ತಿದ್ದಳಂತೆ.

ಡಬ್ಬದ ತಳದಲ್ಲಿ ಎರಡು ಕ್ಲಿಪ್ಪಿನ ಒಂದು ಎಲಾಸ್ಟಿಕ್ ಪಟ್ಟಿ ಇತ್ತು. "ಇದು ನಾಯಿಮರಿಗಾ?" ಅಂದಳು ನಂದಿನಿ. ಟೀಚರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆ ಕಾಲದ ಪ್ಯಾಡನ್ನು ಸೊಂಟಕ್ಕೆ ಕಟ್ಟಿಕೊಳ್ಳುವ ಪಟ್ಟಿ ಅದು. ಬೆಳಿಗ್ಗೆಯಿಂದ ಮಗಳೂ ಮೊದಲ ಸಲ ನಕ್ಕಳು.

ಪುಸ್ತಕ ತೆರೆದೆ. ಬಿಳಿ ಫ್ರಾಕಿನ ಹುಡುಗಿ ಟೆನಿಸ್ ಆಡುತ್ತಿದ್ದಾಳೆ. ರಬ್ಬರ್ ಮರದ ಹಾಲು ಇಳಿಸುವವರ ಮಕ್ಕಳಿಗೆ ಟೆನಿಸ್! ಒಳಗೆ ಬುದ್ಧಿಮಾತು. ಆ ದಿನಗಳಲ್ಲಿ ಸಿಡುಕಬಾರದು, ಅಳಬಾರದು, ತಲೆ ಚೆನ್ನಾಗಿ ಬಾಚಿಕೊಂಡು ನಗುನಗುತ್ತಾ ಇರಬೇಕು. ಅಪ್ಪ, ಅಣ್ಣ ತಮ್ಮಂದಿರ ಕಣ್ಣಿಗೆ ಯಾವ ಗುರುತೂ ಬೀಳಬಾರದು. ರಕ್ತ ಅನ್ನುವ ಮಾತು ಹುಡುಕಿದರೂ ಸಿಗಲಿಲ್ಲ, ಕಂಪನಿಯ ಹೆಸರು ಪುಟಪುಟದಲ್ಲೂ ಸಿಕ್ಕಿತು. ಎಲ್ಲ ಪುಟದ ಕೆಳಗೂ ಒಂದೇ ಸಾಲು: ಸಂದೇಹವಿದ್ದರೆ ನಿನ್ನ ತಾಯಿಯನ್ನು ಕೇಳು.

ನಂದಿನಿ ಆ ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದಳು. "ಕೇಳ್ಲಾ ಅಮ್ಮಾ? ಇದು ಎಲ್ಲಿಂದ ಬರುತ್ತೆ? ಯಾಕೆ ಬರುತ್ತೆ?"

"ಮೈಯಲ್ಲಿರೋ ಕೆಟ್ಟ ರಕ್ತ ಹೋಗುತ್ತೆ ಕಣೆ," ಅಂದೆ. ನನ್ನಮ್ಮ ನನಗೆ ಹೇಳಿದ ಒಂದೇ ವಾಕ್ಯ ಅದು.

"ಕೆಟ್ಟ ರಕ್ತವಾ!" ಟೀಚರಮ್ಮನ ದನಿ ಶಾಲೆಯ ದನಿಯಾಯಿತು. "ನೀನು ಹೆತ್ತವಳಲ್ವಾಮ್ಮಾ? ಮಗುವಿನ ಕಿವಿಗೆ ಇಂಥದ್ದು ಹಾಕ್ತಾರಾ?" ಇನ್ನೊಂದು ಪುಸ್ತಕ ತೆಗೆದು ನಡುವಿನ ಪುಟ ಬಿಡಿಸಿದರು. ಅಂಚಿನಲ್ಲಿ ಒಣಗಿದ ಅಂಟಿನ ಕಲೆ. ಪುಟದ ತುಂಬ ಹೆಣ್ಣಿನ ಒಡಲೊಳಗಿನ ಚಿತ್ರ. "ಇದು ಗರ್ಭಕೋಶ. ನಿನ್ನ ಮುಷ್ಟಿಯಷ್ಟು ಇರುತ್ತೆ ಕಣ್ಣು. ತಿಂಗಳು ತಿಂಗಳು ಒಳಗೊಂದು ಹಾಸಿಗೆ ಹಾಸುತ್ತೆ. ಮಲಗೋಕೆ ಮಗು ಬರದಿದ್ರೆ ಆ ಹಾಸಿಗೆ ಕರಗಿ ಹೊರಗೆ ಹೋಗುತ್ತೆ. ಅಷ್ಟೇ. ಕೆಟ್ಟದ್ದೂ ಅಲ್ಲ, ಕೊಳಕೂ ಅಲ್ಲ."

ನನಗೆ ನಲವತ್ತೊಂದು ವರ್ಷ. ಒಂದು ಮಗು ಹೆತ್ತಿದ್ದೇನೆ. ಅದು ಮುಷ್ಟಿಯಷ್ಟು ಅಂತ ಆ ಅಡುಗೆಮನೆಯಲ್ಲಿ, ಕಡಲಾಚೆಯವರ ಬಾಯಲ್ಲಿ, ಮಗಳ ಪಕ್ಕದಲ್ಲಿ ಕೂತು ತಿಳಿದುಕೊಂಡೆ. ಯಾರೂ ನೋಡದ ಹಾಗೆ ಸೆರಗಿನೊಳಗೆ ಮುಷ್ಟಿ ಮಾಡಿ ನೋಡಿದೆ.

"ಈ ಅಂಟು ಏನು?" ಕೇಳಿದೆ.

"ಇಡೀ ಪುಸ್ತಕದಲ್ಲಿ ನಿಜ ಹೇಳೋ ಪುಟ ಇದೊಂದೇ. ಹೆಡ್ ಮೇಡಂಗೆ ಇದನ್ನು ನೋಡಿ ನಾಚಿಕೆ ಆಯ್ತು. ಹಂಚೋ ಹಿಂದಿನ ಸಂಜೆ ಎಲ್ಲ ಪುಸ್ತಕದಲ್ಲೂ ಎರಡೂ ಪುಟ ಸೇರಿಸಿ ಮೈದಾ ಗೋಂದು ಹಾಕಿ ಅಂದ್ರು. ಹಾಕಿದವಳು ನಾನೇ. ಒಂದೆರಡಲ್ಲ, ಶಾಲೆಗೆಲ್ಲ." ಡಬ್ಬದ ಮುಚ್ಚಳ ಸವರಿದರು. "ಆಮೇಲೆ ಒಂದು ಹುಡುಗಿ ತೋಟದಲ್ಲಿ ಹೆದರಿ ಮೂರು ದಿನ ಯಾರಿಗೂ ಹೇಳದೆ ಅಡಗಿ ಕೂತಳು. ಉಳಿದ ಪುಸ್ತಕ ಮನೆಗೆ ತಂದು ಅನ್ನದ ಹಬೆಗೆ ಹಿಡಿದು ಒಂದೊಂದೇ ಬಿಡಿಸಿದೆ. ಅವಳ ಪಾಲಿಗೆ ತಡವಾಗಿತ್ತು."

ಆ ಕಂಪನಿಯ ಮೇಲೆ ಬಂದ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ, ನಮ್ಮೂರಿಗೇ ತಿರುಗಿತು. ಅವರು ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಗುಟ್ಟು ಮಾಡಿದರು. ನಾವು ರಸ್ತೆಯಲ್ಲಿ ಫ್ಲೆಕ್ಸು ಕಟ್ಟಿ ಡಂಗುರ ಸಾರುತ್ತೇವೆ. ಶಾಸ್ತ್ರಿಗಳಿಗೆ ಗಳಿಗೆ ಗೊತ್ತು, ಮಾವನಿಗೆ ಮಂಟಪದ ಅಳತೆ ಗೊತ್ತು, ಬಸ್ಸಿಗೆ ಕಾಯುವ ಗಂಡಸರಿಗೆಲ್ಲ ಸುದ್ದಿ ಗೊತ್ತು. ಮೈ ಯಾರದೋ ಅವಳಿಗೆ ಮಾತ್ರ ಏನೂ ಗೊತ್ತಿಲ್ಲ.

ಹೊರಡುವಾಗ ಟೀಚರಮ್ಮ ತಮಿಳಿನ ಒಂದು ಪ್ರತಿಯನ್ನು ನಂದಿನಿಯ ಕೈಗಿಟ್ಟರು. ಅದರ ನಡುವಿನ ಪುಟಗಳು ಇನ್ನೂ ಅಂಟಿಕೊಂಡೇ ಇದ್ದವು. "ಬಿಡಿಸದೆ ಉಳಿದದ್ದು ಇದೊಂದೇ. ಇದನ್ನು ನೀನೇ ಬಿಡಿಸು ಲಾ."

ಬೆಟ್ಟದ ಬುಡ

ಮರುದಿನ ಬೆಟ್ಟಕ್ಕೆ ಹೋದೆವು. ಹಿಂದಿನ ಸೀಟು, ಕೆಳಗೆ ಪ್ಲಾಸ್ಟಿಕ್ಕು. ನಾನು ಆ ಹಾಳೆಯನ್ನು ಮಡಚಿ ಕಮಲಕ್ಕನ ಮಡಿಲಿಗೆ ಹಾಕಿದೆ. "ಇದು ನಿಮಗೇ ಇರಲಿ ಅಕ್ಕ, ಮಳೆ ಬಂದ್ರೆ ಬೇಕಾಗುತ್ತೆ." ಮಗಳ ಬಾಟಲಿಯಿಂದಲೇ ಎರಡು ಗುಟುಕು ನೀರು ಕುಡಿದೆ. ಕಮಲಕ್ಕ ಮುಖ ತಿರುಗಿಸಿಕೊಂಡರು.

ಎಲ್ಲರೂ ಮೆಟ್ಟಿಲು ಹತ್ತಿದರು. ನಾವು ಬುಡದಲ್ಲಿ ಕೂತೆವು. ಹರಕೆ ಹೊತ್ತು ಕಡಲು ದಾಟಿ ಬಂದವಳು ಮೊದಲ ಮೆಟ್ಟಿಲಲ್ಲಿ ಕೂತೆ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಕೇಳಿದ್ದು ಮಗು ಎದ್ದು ಕೂರಲಿ ಅಂತ. ಪಕ್ಕದಲ್ಲಿ ಕೂತು ಚೀಲದ ಕಾಫಿ ಹೀರುತ್ತಿದ್ದಳಲ್ಲ, ಅದನ್ನು ಲೆಕ್ಕಕ್ಕೆ ಹಿಡಿದೆ.

ಗಂಟೆ ಒಂಬತ್ತು, ಬಿಸಿಲು ಚುರುಕಾಗಿತ್ತು. ನಮ್ಮ ಡ್ರೈವರು ಅವನ ಫೋನಿನಿಂದ ನೆಟ್ ಕೊಟ್ಟಿದ್ದ. ಅತ್ತೆಯ ಕರೆ ಬಂತು, ಸ್ಪೀಕರಿಗೆ ಹಾಕಿದೆ.

"ಸರೋಜಿ, ಕೆಟ್ಟೋಯ್ತು ಕಣೆ. ಆರು ನಲವತ್ತಕ್ಕೆ ಭರಣಿ ಅಂತೆ, ದೋಷ ಅಂತೆ. ಐದು ಗಂಟೆಗಂಟ ಅಶ್ವಿನಿ ಇತ್ತಂತೆ, ವಸಿ ಮುಂಚೆ ಆಗ್ಬಾರ್ದಿತ್ತಾ! ಬಂದ್ಮ್ಯಾಕೆ ಶಾಂತಿ ಮಾಡಿಸ್ಬೇಕು. ಯಾರ್ತಾವೂ ಬಾಯ್ಬಿಡ್ಬ್ಯಾಡ. ನಿಮ್ಮಣ್ಣ ಫ್ಲೆಕ್ಸು ಬರ್ಸಕ್ಕೆ ಕೊಟ್ಟಿದ್ನಂತೆ, ನಿಲ್ಸು ಅಂತ ಹೇಳ್ಬುಟ್ಟಿವ್ನಿ."

"ಇಷ್ಟು ಹೊತ್ತಿಗೇ ಶಾಸ್ತ್ರಿಗಳ ಮನೆಗೆ ಹೋಗಿ ಬಂದ್ರಾ?"

"ರಾತ್ರೀನೇ ಹೇಳಿ ಕಳ್ಸಿದ್ರು. ಈಗಿನ್ನೂ ಆರೂವರೆ, ಹಾಲ್ನೋನು ಈಗ ಬಂದೋದ."

ಆರೂವರೆ. ನನ್ನ ನೆತ್ತಿ ಕಾಯುತ್ತಿದೆ, ಮೂಕಂಡಪಲ್ಲಿಯಲ್ಲಿ ಈಗ ಹಾಲು ಬಂದಿದೆ. ಆಗ ಹೊಳೆಯಿತು. ನಾನು ಹೇಳಿದ ಆರು ನಲವತ್ತು ಪಿನಾಂಗಿನ ಗೋಡೆಯದು. ಹೊಸೂರಿನಲ್ಲಿ ಆಗ ನಾಲ್ಕು ಹತ್ತು. ಭರಣಿಯೂ ಇಲ್ಲ, ದೋಷವೂ ಇಲ್ಲ. ಕಡಲು ದಾಟಿದ ಗಡಿಯಾರವನ್ನು ಊರಿನ ಪಂಚಾಂಗಕ್ಕೆ ಕಟ್ಟಿ ನನ್ನ ಮಗಳ ಹಣೆಗೆ ಕಳಂಕ ಬರೆದಿದ್ದೆವು. "ಅತ್ತೆ, ಒಂದು ನಿಮಿಷ," ಅಂದು ಫೋನು ಇಟ್ಟು, ನಂದಿನಿಗೆ ವಿಷಯ ಬಿಡಿಸಿ ಹೇಳಿದೆ.

ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಹೇಳ್ಬೇಡಮ್ಮಾ. ಭರಣೀನೇ ಇರ್ಲಿ. ಕೆಟ್ಟ ನಕ್ಷತ್ರ ಆದ್ರೆ ಮಾವ ಫ್ಲೆಕ್ಸ್ ಹಾಕಲ್ಲ ತಾನೆ?"

ಹನ್ನೆರಡು ವರ್ಷದ ಹುಡುಗಿ ರಸ್ತೆಯಲ್ಲಿ ನೇತಾಡುವುದನ್ನು ತಪ್ಪಿಸಿಕೊಳ್ಳಲು ಜನ್ಮಪೂರ್ತಿ ದೋಷ ಹೊರಲು ತಯಾರಾಗಿದ್ದಳು. ಇಂಥ ಆಯ್ಕೆಯನ್ನು ಅವಳ ಮುಂದಿಟ್ಟವರು ನಾವೇ, ಅವಳನ್ನು ಪ್ರೀತಿಸುವವರು. ನನಗೆ ಅಳು ಬರಬೇಕಿತ್ತು, ರೋಷ ಬಂತು.

"ನಿನ್ನ ಮೇಲೆ ಇಲ್ಲದ ದೋಷ ಹೊರಿಸಿ ಫ್ಲೆಕ್ಸು ತಪ್ಪಿಸೋದು ಬೇಡ ಕಣೆ. ನಿಜ ಹೇಳ್ತೀನಿ. ಫ್ಲೆಕ್ಸನ್ನ ನಾನು ಬಾಯಿಬಿಟ್ಟು ನಿಲ್ಲಿಸ್ತೀನಿ."

"ಆಣೆ ಮಾಡು."

ಈ ಸಲ ಮಾಡಿದೆ. ಮೊದಲ ಮೆಟ್ಟಿಲು ಮುಟ್ಟಿ, ಮೇಲಿದ್ದವನಿಗೆ ಕೇಳಿಸುವ ಹಾಗೆ. ಆಮೇಲೆ ಅತ್ತೆಗೆ ಫೋನು ಮಾಡಿ ಗಡಿಯಾರದ ಸಂಗತಿ ಹೇಳಿದೆ. "ಅಶ್ವಿನೀನಾ! ಬದುಕ್ಕೊಂಡೆ!" ಅಂದು ಅವರು ಕೂಗಿದ್ದು ಡ್ರೈವರಿಗೂ ಕೇಳಿಸಿತು. ಶುರುವಾಯಿತಪ್ಪ ಅಂದುಕೊಂಡೆ.

ಮೂಕಂಡಪಲ್ಲಿ, ಅನ್ನದ ಹಬೆ

ಊರಿಗೆ ಬಂದ ಮೂರನೆಯ ದಿನ ಅಣ್ಣ ಫ್ಲೆಕ್ಸು ಸುತ್ತಿಕೊಂಡೇ ಬಂದ. ಹಜಾರದಲ್ಲಿ ಹಾಸಿದ. ಗೋಡೆಯಿಂದ ಗೋಡೆಗೆ ಬಂತು.

"ನೋಡಮ್ಮಿ, ನನ್ ಸೊಸೆ ರಾಣಿ ತರ ಕಾಣ್ತವ್ಳೆ!"

ಯಾವುದೋ ಹಬ್ಬದಲ್ಲಿ ತೆಗೆದ ಪಟಕ್ಕೆ ಕಿರೀಟ ಅಂಟಿಸಿದ್ದರು. ಪಕ್ಕದಲ್ಲಿ ಅಣ್ಣ, ಕೈಮುಗಿದುಕೊಂಡು. ನಂದಿನಿ ಒಳಗೋಡಿ ಬಾಗಿಲು ಹಾಕಿಕೊಂಡಳು.

"ಅಣ್ಣ, ಇದರಲ್ಲಿ ನಿನ್ನ ಮುಖ ಅವಳಿಗಿಂತ ದೊಡ್ಡದಾಗಿದೆ. ಮೈನೆರೆದೋನು ನೀನೋ ಅವಳೋ?"

ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ಅಣ್ಣನ ಕಿವಿ ಕೆಂಪಾಯಿತು.

"ಏನಮ್ಮಿ ಹಿಂಗಂತೀಯ? ಮುನಿರಾಜು ಸೊಸೆಗೆ ಏನೂ ಮಾಡ್ಲಿಲ್ಲ ಅಂತ ರಾಯಕೋಟೆ ಜನ ಉಗಿಯಲ್ವಾ? ಒಳ್ಳೆ ನಕ್ಷತ್ರ ಬೇರೆ!"

"ಗುಡ್ಲು ಕಟ್ಟು, ಬೇಡ ಅನ್ನಲ್ಲ. ಚಿಗಳಿ ತಿನ್ನಿಸು. ಹಿತ್ತಲಲ್ಲಿ ನಾವೇ ನೀರೆರೀತೀವಿ, ಅದೂ ಅವಳು ಹೂಂ ಅಂದ್ರೆ. ನನ್ನ ಮಗಳನ್ನ ರಸ್ತೆ ಕಂಬಕ್ಕೆ ಕಟ್ಟೋದು ಮಾತ್ರ ನಾನು ಬದುಕಿರೋತನಕ ಆಗಲ್ಲ. ಮುರುಗನ ಮೆಟ್ಟಿಲು ಮುಟ್ಟಿ ಬಂದಿದ್ದೀನಿ."

ಹುಟ್ಟಿದಾಗಿನಿಂದ ಅಣ್ಣನಿಗೆ ಎದುರು ಮಾತಾಡಿದವಳಲ್ಲ. ಅವನು ಕಾಫಿ ಕುಡಿಯದೆ ಹೊರಟ. ಈಗ ಆ ಫ್ಲೆಕ್ಸು ಮಂಡಿಯಲ್ಲಿ ಟೊಮೇಟೊ ಕ್ರೇಟುಗಳಿಗೆ ಹೊದಿಕೆ. ಮುಖ ಒಳಗಡೆಗೆ ಇರಬೇಕು ಅಂತ ಅತ್ತಿಗೆಯ ಕೈಲಿ ಮಾತು ತೆಗೆದುಕೊಂಡಿದ್ದೇನೆ. ನಂದಿನಿ ಗುಡ್ಲು ಬೇಡ ಅಂದಳು, ಚಿಗಳಿ ಮಾತ್ರ ಬೇಕು ಅಂದಳು. ಹಾಗೇ ಆಯಿತು.

ಆ ಸಂಜೆ ಅನ್ನಕ್ಕಿಟ್ಟಾಗ ಅವಳು ಪುಸ್ತಕ ತಂದಳು. ಹಬೆಗೆ ಹಿಡಿದೆವು. ಅಂಚು ಮೆತ್ತಗಾಯಿತು. ಅವಳು ಉಗುರು ತೂರಿಸಿ ಹರಿಯದ ಹಾಗೆ ಎಳೆದಳು. ಎಷ್ಟೋ ವರ್ಷ ಮುಚ್ಚಿಕೊಂಡಿದ್ದ ಪುಟ ನಮ್ಮ ಒಲೆಯ ಮುಂದೆ ತೆರೆದುಕೊಂಡಿತು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರಿಗೆ ಓದು ಬರದು.

"ಏನ್ಲಾ ಅದು, ಸೋರೆಬುರುಡೆ ಇದ್ದಂಗೈತೆ?"

"ಗರ್ಭಕೋಶ ಅಜ್ಜಿ. ನಿನ್ನ ಒಳಗೂ ಇದೆ." ತಮಿಳಿನಲ್ಲಿ ಓದಿಕೊಂಡು, ಕನ್ನಡದಲ್ಲಿ ನಂದಿನಿ ಅಷ್ಟನ್ನೂ ಹೇಳಿದಳು. ಹಾಸಿಗೆ, ತಿಂಗಳು, ಮುಷ್ಟಿ. ಅತ್ತೆ ತಮ್ಮ ಸುಕ್ಕುಗಟ್ಟಿದ ಕೈ ಎತ್ತಿ, ಬೆರಳು ಮಡಚಿ, ಬಹಳ ಹೊತ್ತು ನೋಡಿದರು.

"ಐದು ಹೆತ್ತೆ. ಎರಡ್ನ ಮಣ್ಣಿಗಿಟ್ಟೆ. ಮೂರು ದಿನ ಕೊಟ್ಟಿಗೇಲಿ ಕೂತು ಕೂತು ವಯಸ್ಸೇ ಕಳೀತು," ಅಂದರು. ದನಿ ಏರಿತು. "ಯಾವಳಾದ್ರೂ ಒಬ್ಳು ನಂಗಿದ್ನ ಹೇಳ್ಬಾರ್ದಾಗಿತ್ತಾ?"

ಒಲೆಯ ಮೇಲೆ ಅನ್ನ ಸೀಯುವ ವಾಸನೆ ಬಂತು. ನಾನು ಇಳಿಸಲು ಎದ್ದೆ.

"ಸೀದ್ರೆ ಸೀಯ್ಲಿ, ಕೂತ್ಕೊ," ಅಂದರು ಅತ್ತೆ. ನೆಲಕ್ಕೆ ಕೈಯೂರಿ ನಂದಿನಿಯ ಪಕ್ಕ ತಾವೂ ಕೂತರು. "ಇನ್ನೊಂದ್ ಕಿತ ಹೇಳು ಮಗ. ಮೊದ್ಲಿಂದ. ನಿಧಾನಕ್ಕೆ."